ಹೆಪ್ಪಿಟ್ಟ ಪದ

ಐದಕ್ಕೆ ಹಾಲಿನ ಲಾರಿ ಬರುತ್ತದೆ.
ಈಗ ಎರಡೂ ಹತ್ತು.
ಸಾಂವ್ ಜೋರ್ಜ್ ದ್ವೀಪದ ಈ ಚೀಸ್ ಸಂಘದ ಕಚೇರಿಯಲ್ಲಿ
ನಾನು, ಒಂದು ಕಂಪ್ಯೂಟರು, ಮತ್ತು
ಮೂರು ವರ್ಷದ ಹಿಂದೆ ನಿವೃತ್ತನಾದ ಎರ್ಮೀನಿಯು,
ಮಲಗುವ ಅಂಗಿಯ ಮೇಲೇ ಕೋಟು ಹಾಕಿಕೊಂಡು ಬಂದವನು.

ನಾನೂರ ಹನ್ನೆರಡು ಹಸು,
ಯಾವುದು ಎಷ್ಟು ಕರೆಯಿತು, ಯಾರಿಗೆ ಎಷ್ಟು ಬಾಕಿ,
ಮದ್ದು ತಾಗಿದ ಯಾವ ಹಾಲನ್ನು ಈ ವಾರ ಬೇರೆ ಇಡಬೇಕು,
ಎಲ್ಲ ಒಳಗಿದೆ.
ಹೊಸ ವರ್ಷದ ಕೋಷ್ಟಕ ತೆರೆಯಲು ಹೋದಾಗ ಗೊತ್ತಾಯಿತು:
ಒಳಗಿನ ಯಜಮಾನನ ಹೆಸರು ರೂಟ್. ಅಂದರೆ ಬೇರು.
ಬೇರು ಭದ್ರವಾಗಿದೆ; ಅದರ ಪಾಸ್‌ವರ್ಡ್ ಎಲ್ಲೂ ಇಲ್ಲ.

ಅಧ್ಯಕ್ಷೆ ಫೋನಿನಲ್ಲಿ: ಅವನ ನಾಯಿಯ ಹೆಸರು ಹಾಕಿ ನೋಡು.
ಎರ್ಮೀನಿಯುಗೆ ಕೋಪ ಬಂತು.
ನಾಯಿಯ ಹೆಸರು ಇರುವುದು ಕರೆಯುವುದಕ್ಕೆ, ಅಂದ.
ಪದ ನನಗೆ ಗೊತ್ತಿಲ್ಲ, ಬೆರಳಿಗೆ ಗೊತ್ತು.
ಹನ್ನೊಂದು ವರ್ಷ ಪ್ರತಿ ಬೆಳಿಗ್ಗೆ ನೋಡದೆ ಒತ್ತಿದ್ದು,
ಬಾಯಲ್ಲಿ ಒಮ್ಮೆಯೂ ಆಡಿದ್ದಲ್ಲ.
ಒತ್ತಿದ. ತಪ್ಪು.
ಒತ್ತಿದ. ತಪ್ಪು.
ಕೀಲಿಮಣೆ ಹೊಸದು, ಸ್ಪೇನಿನಿಂದ ಬಂದದ್ದು,
ಬಾಲವಿರುವ ಸಿ ಇರಬೇಕಾದಲ್ಲಿ
ಟೋಪಿ ಹಾಕಿದ ಎನ್.

ಹಳೆಯದು ಸಿಕ್ಕಿತು, ಉಪ್ಪುನೀರಿನ ತೊಟ್ಟಿಯ ಹಿಂದಿನ ಕಪಾಟಿನಲ್ಲಿ,
ಜೇಡನ ಬಲೆ, ಸವೆದ ಅಕ್ಷರ.
ಅದರ ತಂತಿಗೆ ದುಂಡು ಮೂತಿ,
ಈ ಯಂತ್ರದಲ್ಲಿ ದುಂಡು ತೂತೇ ಇಲ್ಲ.
ಹಾಗಾಗಿ ಯಾವುದಕ್ಕೂ ತಗುಲದ ಮಣೆಯನ್ನು
ತೊಡೆಯ ಮೇಲಿಟ್ಟುಕೊಂಡು ಅವನು ಒತ್ತಿದ.
ನಾನು ಪಕ್ಕದಲ್ಲಿ ಕುಕ್ಕರಗಾಲಲ್ಲಿ ಕೂತು
ಬೆರಳಿನ ಹೆಜ್ಜೆ ಬರೆದುಕೊಂಡೆ.
ಮೊದಲ ಸಲ ಒಂಬತ್ತು ಕೀಲಿ.
ಮರುಸಲ ಎಂಟು.
ಮೂರನೆಯದಕ್ಕೆ ನಡುವೆ ನಿಂತು ಕೈ ನೋಡಿಕೊಂಡ,
ಹಟ್ಟಿಗೆ ಬಂದ ಹಸು
ತನ್ನ ಗೂಟ ಮರೆತ ಹಾಗೆ.

ಸಾಕು ಅಂದೆ. ಯಂತ್ರಕ್ಕೂ ಗೊತ್ತಿಲ್ಲ ಆ ಪದ.
ಅದು ಹಾಲನ್ನು ಇಟ್ಟುಕೊಳ್ಳುವುದಿಲ್ಲ;
ಚಿಟಿಕೆ ಉಪ್ಪು ಬೆರೆಸಿ, ಹೆಪ್ಪು ಹಾಕಿ,
ಗಡ್ಡೆ ಮಾತ್ರ ಇಡುತ್ತದೆ.
ನೀನು ತಂದ ಹಾಲಿಗೂ ಅದೇ ಉಪ್ಪು, ಅದೇ ಹೆಪ್ಪು.
ಗಡ್ಡೆಗೆ ಗಡ್ಡೆ ತಾಳೆಯಾದರೆ ಬಾಗಿಲು.
ಗಡ್ಡೆಯಿಂದ ಹಾಲಿಗೆ ದಾರಿಯಿಲ್ಲ.
ಅವನು ನಕ್ಕ:
ಇಪ್ಪತ್ತು ವರ್ಷ ಕಡಾಯಿಯ ಮುಂದೆ ನಿಂತವನಿಗೆ
ನೀನು ಹೇಳಿಕೊಡುತ್ತೀಯ, ದೆಯೊಲಿಂಡಾ?

ಗೋಡೆಯಿಂದ ನೆಟ್‌ವರ್ಕ್ ತಂತಿ ಕಿತ್ತೆ.
ಡೇಟಾಬೇಸ್ ಮಲಗಿಸಿದೆ.
ಯಾರಿಗೆ ಏನು ಹಕ್ಕು ಎಂಬ ಪುಟ ಓದದೆಯೇ ಏಳು ಅಂದೆ.
ಎದ್ದಿತು, ಅರೆನಿದ್ದೆಯಲ್ಲಿ,
ಯಾರೆಂದು ಕೇಳದೆ.

ಆ ನಾಲ್ಕು ನಿಮಿಷ
ಒಳಗೆ ಯಜಮಾನನಿಲ್ಲ, ಆಳಿಲ್ಲ.
ಕಸ ಗುಡಿಸುವ ಫಿಲೊಮೆನಾ ಬಂದಿದ್ದರೆ ಅವಳೂ ಬೇರು.
ಅಧ್ಯಕ್ಷೆಯ ಬಾಕಿ,
ಅವಳ ಮೈದುನನ ಹಾಲಿನಲ್ಲಿ ನೀರು ಸಿಕ್ಕ ದಿನಾಂಕ,
ಅಪ್ಪ ನಮ್ಮ ಕೊನೆಯ ಹಸುವನ್ನು ಮಾರಿದ ಬೆಲೆ,
ಎಲ್ಲ ಅಗುಳಿ ತೆಗೆದ ಕೊಟ್ಟಿಗೆ.
ನೋಡಲಿಲ್ಲ ಎಂದರೆ ನಂಬಬೇಡಿ.
ಒಂದು ಸಾಲು ನೋಡಿದೆ. ನಮಗೆ ಅವನು ಹೇಳಿದ್ದಕ್ಕಿಂತ
ಬಹಳ ಕಡಿಮೆ.
ಮುಟ್ಟಲಿಲ್ಲ.

ಹೊಸ ಪದ ಇಡುವ ಹೊತ್ತಿಗೆ
ನಾನು ಬಾಯಿ ತೆರೆಯುವ ಮೊದಲೇ
ಎರ್ಮೀನಿಯು ಕುರ್ಚಿ ತಿರುಗಿಸಿ
ಕಿಟಕಿಗೆ ಮುಖ ಮಾಡಿದ.
ಹನ್ನೊಂದು ವರ್ಷ ಅವನು ಒಳಗೆ ಹೋಗುವಾಗ
ನಾವೆಲ್ಲ ಹಾಗೇ ತಿರುಗುತ್ತಿದ್ದೆವು.
ಹೊರಗೆ, ಕಡಲಿನಾಚೆ, ಪೀಕು ದ್ವೀಪದ ಒಂದೇ ದೀಪ.
ಹಕ್ಕಿನ ಪುಟ ಮತ್ತೆ ಓದಿಸಿದೆ, ಬಾಗಿಲು ಹಾಕಿಕೊಂಡಿತು,
ಯಾರು ಎಂದು ಕೇಳಿತು, ಹೇಳಿದೆ.

ಬೆನ್ನ ಹಿಂದೆ
ತೊಡೆಯ ಮೇಲಿನ ಹಳೆಯ ಮಣೆಯಲ್ಲಿ
ಟಕ್ ಟಕ್ ಸದ್ದು.
ಎಣಿಸಿದೆ.
ಈ ಸಲ ಹತ್ತು.